ಚೀಟಿಯಲ್ಲಿ ಕೊಳಕುಮಂಡಲ, ತೋಟದಲ್ಲಿ ಗುಳಿಮಂಡಲ: ತೀರ್ಥಹಳ್ಳಿ ಕಡೆಯ ಒಂದು ಹಾವು ಕಡಿತದ ಪ್ರಕರಣ ಅಧ್ಯಯನ

ಹಾವು ಕಡಿತದ ಇಂಜೆಕ್ಷನ್ ಬಗ್ಗೆ ಮಲೆನಾಡಿನಲ್ಲಿ ಎರಡು ಮಾತು ಕೇಳಿಬರುತ್ತವೆ. "ಅದೊಂದು ಬಿತ್ತು ಅಂದ್ರೆ ಜೀವ ಉಳೀತು" ಎನ್ನುವವರಿದ್ದಾರೆ. "ಬಾಟ್ಲಿ ಮೇಲೆ ಬಾಟ್ಲಿ ಹಾಕಿದ್ರೂ ಏನೂ ಆಗ್ಲಿಲ್ಲ" ಎನ್ನುವವರೂ ಇದ್ದಾರೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಜ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ನಮ್ಮ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳಲ್ಲಿ ಈ ನಾಲ್ಕರ ಪಟ್ಟಿಗೆ ಸೇರದ ವಿಷದ ಹಾವುಗಳೂ ಇವೆ. ಅವುಗಳಲ್ಲಿ ಹೆಚ್ಚು ಮೋಸ ಮಾಡುವುದು ಮೂಗಿನ ತುದಿ ಮೇಲಕ್ಕೆತ್ತಿಕೊಂಡ ಪುಟ್ಟ ಗುಳಿಮಂಡಲ, ಹಂಪ್‌ನೋಸ್ಡ್ ಪಿಟ್ ವೈಪರ್.

ಕೆಳಗಿನ ಪ್ರಕರಣ ಒಬ್ಬ ನಿರ್ದಿಷ್ಟ ರೋಗಿಯ ಕಡತವಲ್ಲ. ಈ ಹಾವಿನ ತೀವ್ರ ಕಡಿತ ಹೇಗೆ ಮುಂದುವರಿಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ತೋರಿಸಲು ಜೋಡಿಸಿದ ಬೋಧನಾ ಪ್ರಕರಣ. ಗುಳಿಮಂಡಲ ಕಚ್ಚಿದ ಹೆಚ್ಚಿನವರಿಗೆ ನೋವು, ಬಾವು, ಗುಳ್ಳೆಯಲ್ಲೇ ಮುಗಿಯುತ್ತದೆ. ಇಲ್ಲಿರುವುದು ಕೆಲವರಿಗೆ ಮಾತ್ರ ಬರುವ ಕೆಟ್ಟ ರೂಪ.

ಕಡಿತ

ಮಳೆಗಾಲದ ಕೊನೆ. ಸಂಜೆ 5.45. ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟ. 45 ವರ್ಷದ ಹೆಂಗಸು, ತೂಕ 52 ಕೆ.ಜಿ., ಮೊದಲಿಂದ ಯಾವ ಕಾಯಿಲೆಯೂ ಇಲ್ಲ. ಬಸಿಗಾಲುವೆಯ ಪಕ್ಕ ಬಿದ್ದಿದ್ದ ಹಾಳೆಗಳನ್ನು ಒಟ್ಟುಮಾಡುತ್ತಿದ್ದಾಗ ಬಲಗೈ ತೋರುಬೆರಳಿಗೆ ಕಚ್ಚಿತು. ಎರಡು ಹಲ್ಲಿನ ಗುರುತು, ನಡುವೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ತಕ್ಷಣ ಉರಿ, ಹತ್ತು ನಿಮಿಷದಲ್ಲಿ ಬೆರಳು ದಪ್ಪ.

ಈ ಹಾವು ಹಗಲೆಲ್ಲ ಒಣ ಎಲೆಯ ನಡುವೆ ಸುತ್ತಿಕೊಂಡು ಬಿದ್ದಿರುತ್ತದೆ. ಕತ್ತಲಾಗುವ ಹೊತ್ತಿಗೆ ಚುರುಕಾಗುತ್ತದೆ. ಹತ್ತಿರ ಹೋದರೂ ಸರಿದು ಹೋಗುವುದಿಲ್ಲ. ಮೈಬಣ್ಣವನ್ನೇ ನಂಬಿ ಅಲ್ಲೇ ಕೂರುತ್ತದೆ. ಕಡಿತ ಹೆಚ್ಚಾಗಿ ಕೈಬೆರಳಿಗೆ ಇಲ್ಲವೇ ಪಾದಕ್ಕೆ ಆಗುವುದು ಇದರಿಂದಲೇ.

ಅಳಿಯ ಓಡಿಬಂದು ಟಾರ್ಚ್ ಹಾಕಿ ನೋಡಿದ. ಒಂದೂಕಾಲು ಅಡಿಯ ಹಾವು, ಗಿಡ್ಡ ದಪ್ಪ ಮೈ, ತ್ರಿಕೋನದ ತಲೆ. "ಕೊಳಕುಮಂಡಲದ ಮರಿ ಮಾರಾಯ, ಬೇಗ ಜೀಪ್ ತಗಂಬಾ" ಎಂದು ಪಕ್ಕದ ಮನೆಯವರಿಗೆ ಕೂಗಿದ. ಹಾವನ್ನು ಹೊಡೆಯಲು ಹೋಗದೆ ನಾಲ್ಕಡಿ ದೂರದಿಂದ ಫೋನಿನಲ್ಲಿ ಎರಡು ಫೋಟೋ ತೆಗೆದ. ಆ ಸಂಜೆ ಮನೆಯವರು ಮಾಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಹೊಡೆಯಲು ಹೋದರೆ ಎರಡನೆಯವರಿಗೂ ಕಡಿತ ಆಗಬಹುದು. ಸತ್ತ ಮಂಡಲದ ತುಂಡಾದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಉಳಿದ ಮೂರು ಕೆಲಸ ತಪ್ಪಿದವು. ಮಣಿಕಟ್ಟಿನ ಮೇಲೆ ಟವೆಲ್ ಹರಿದು ಬಿಗಿಯಾಗಿ ಕಟ್ಟಿದರು. ಗಾಜಿನ ಬಳೆ, ಉಂಗುರ ತೆಗೆಯಲಿಲ್ಲ. ರಸ್ತೆಯವರೆಗಿನ ಅರ್ಧ ಕಿಲೋಮೀಟರ್ ಏರನ್ನು ಅವರೇ ನಡೆದು ಹತ್ತಿದರು.

ಬಿಗಿ ಕಟ್ಟು ಮಂಡಲದ ಕಡಿತದಲ್ಲಿ ಕೇಡೇ ಹೆಚ್ಚು ಮಾಡುತ್ತದೆ. ಮಂಡಲದ ವಿಷ ಬಿದ್ದ ಜಾಗದ ಮಾಂಸ, ಚರ್ಮ, ಸಣ್ಣ ರಕ್ತನಾಳಗಳನ್ನೇ ಕರಗಿಸುತ್ತದೆ. ಅಂಥ ಜಾಗಕ್ಕೆ ರಕ್ತವೂ ಬರದಂತೆ ಬಿಗಿದರೆ ಬೆರಳು ಕಳೆದುಕೊಳ್ಳುವ ಸಾಧ್ಯತೆ ಏರುತ್ತದೆ. ನಡೆದರೆ ಸ್ನಾಯು ಆಡಿ ದುಗ್ಧರಸದ ಹರಿವು ಹೆಚ್ಚಾಗುತ್ತದೆ, ವಿಷದ ದೊಡ್ಡ ಪ್ರೋಟೀನುಗಳು ಮೈಗೆ ಹರಡುವ ದಾರಿ ಅದೇ. ಮಾಡಬೇಕಿದ್ದದ್ದು ಇಷ್ಟು: ಬಳೆ, ಉಂಗುರ ಕೂಡಲೇ ತೆಗೆಯುವುದು, ಮೊಣಕೈಯಿಂದ ಬೆರಳ ತುದಿವರೆಗೆ ಹಾಳೆಯ ತುಂಡು ಅಥವಾ ಹಲಗೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ ಕೈ ಅಲುಗದಂತೆ ಮಾಡುವುದು, ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತುಕೊಂಡು ರಸ್ತೆ ತಲುಪಿಸುವುದು, 108ಕ್ಕೆ ಫೋನ್ ಮಾಡುವುದು, ಕಚ್ಚಿದ ಸಮಯವನ್ನು ಬರೆದಿಡುವುದು. ಕೊಯ್ಯುವುದು, ಹೀರುವುದು, ಐಸ್ ಇಡುವುದು, ಸುಡುವುದು ಯಾವುದೂ ಬೇಡ. ನಾಟಿ ಮದ್ದಿಗೆಂದು ದಾರಿಯಲ್ಲಿ ನಿಲ್ಲಿಸಿದ ಮುಕ್ಕಾಲು ಗಂಟೆ ಮುಂದೆ ಮೂತ್ರಪಿಂಡದ ಲೆಕ್ಕದಲ್ಲಿ ಸೇರುತ್ತದೆ. ಈ ಪ್ರಕರಣದಲ್ಲಿ ಹಾಗೆ ನಿಲ್ಲಿಸಲಿಲ್ಲ, ನೇರ ಆಸ್ಪತ್ರೆಗೆ ಬಂದರು.

ಮೊದಲ ಆಸ್ಪತ್ರೆ, ಗಾಜಿನ ನಳಿಕೆ

ರಾತ್ರಿ 7.20. ರಕ್ತದೊತ್ತಡ 130/80, ನಾಡಿ 98. ಕಣ್ಣುರೆಪ್ಪೆ ಇಳಿದಿಲ್ಲ, ಮಾತು, ನುಂಗು, ಉಸಿರು ಸರಿ. ಅಂದರೆ ನಾಗರಹಾವು, ಕಟ್ಟುಹಾವುಗಳಂತೆ ನರಕ್ಕೆ ತಗಲುವ ವಿಷದ ಲಕ್ಷಣವಿಲ್ಲ. ಬಾವು ಮಣಿಕಟ್ಟಿನವರೆಗೆ. ಅಷ್ಟರಲ್ಲಿ ಬಳೆಗಳು ಊದಿದ ಮಾಂಸದಲ್ಲಿ ಹೂತುಹೋಗಿದ್ದವು. ಹತ್ತಿಯ ಪದರ ತೂರಿಸಿ ಒಂದೊಂದಾಗಿ ಒಡೆಯಬೇಕಾಯಿತು, ಉಂಗುರವನ್ನು ಕತ್ತರಿಸಬೇಕಾಯಿತು. ಕೈಯ ರಕ್ತನಾಳಕ್ಕೆ ಸೂಜಿದಾರಿ (ಐ.ವಿ. ನಳಿಕೆ) ಹಾಕಿ ಸಲೈನ್ ಸಿದ್ಧವಿಟ್ಟ ಮೇಲೆಯೇ ಟವೆಲ್ ಕಟ್ಟು ಸಡಿಲಿಸಿದರು. ಇದು ಸರಿಯಾದ ಕ್ರಮ. ಕಟ್ಟು ಬಿಚ್ಚಿದ ಕೂಡಲೇ ಕೆಳಗೆ ನಿಂತ ವಿಷ ಒಮ್ಮೆಗೇ ಮೈಗೆ ನುಗ್ಗಬಹುದು.

ನಂತರ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ತಾಲ್ಲೂಕು ಮಟ್ಟದಲ್ಲಿ ಮಂಡಲದ ಕಡಿತದ ಇಡೀ ಚಿಕಿತ್ಸೆ ನಿಲ್ಲುವುದು ಇದರ ಮೇಲೆ, ಆದ್ದರಿಂದ ವಿವರವಾಗಿ ಹೇಳುವುದು ಒಳ್ಳೆಯದು. ಹೊಸ, ಒಣಗಿದ, ಸ್ವಚ್ಛ ಗಾಜಿನ ನಳಿಕೆಯಲ್ಲಿ ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತ. ಅಲುಗಾಡಿಸದೆ ನೇರ ನಿಲ್ಲಿಸಬೇಕು. ಗಡಿಯಾರ ನೋಡಿ ಸರಿಯಾಗಿ 20 ನಿಮಿಷ. ಆಮೇಲೆ ಒಂದೇ ಸಲ ಬಾಗಿಸಬೇಕು. ರಕ್ತ ಸರಿಯಿದ್ದರೆ ಗಿಣ್ಣದ ಹಾಗೆ ತಳಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಹೆಪ್ಪುಗಟ್ಟುವ ಶಕ್ತಿ ಹೋಗಿದ್ದರೆ ಗೋಡೆಗುಂಟ ನೀರಾಗಿ ಹರಿದು ಬಾಯಿಗೆ ಬರುತ್ತದೆ.

ಕೆಡುವುದು ಎಲ್ಲಿ? ಪ್ಲಾಸ್ಟಿಕ್ ನಳಿಕೆ ಬಳಸಿದರೆ. ಹೆಪ್ಪು ಶುರುವಾಗಲು ಗಾಜಿನ ಮೇಲ್ಮೈಯೇ ಪ್ರಚೋದನೆ. ಪ್ಲಾಸ್ಟಿಕ್ಕಿನಲ್ಲಿ ಆರೋಗ್ಯವಂತರ ರಕ್ತವೂ ತಡಮಾಡುತ್ತದೆ. ಸೋಪಿನಲ್ಲಿ ತೊಳೆದ ನಳಿಕೆಯಲ್ಲೂ ಅದೇ ಕಥೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ. ನಳಿಕೆಯ ಬಗ್ಗೆ ಅನುಮಾನವಿದ್ದರೆ ಜೊತೆಗೆ ಬಂದ ಆರೋಗ್ಯವಂತರೊಬ್ಬರ ರಕ್ತವನ್ನು ಅಂಥದ್ದೇ ಇನ್ನೊಂದು ನಳಿಕೆಯಲ್ಲಿ ಇಡಬೇಕು. ಅದೂ ಹೆಪ್ಪುಗಟ್ಟದಿದ್ದರೆ ತಪ್ಪು ನಳಿಕೆಯದು.

7.30ರ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿತು. 8.30, 9.30, 10.30ಕ್ಕೂ ಹೆಪ್ಪುಗಟ್ಟಿತು. ಪ್ರತಿವಿಷ ಶುರುಮಾಡಲಿಲ್ಲ. ಮನೆಯವರು "ಇಂಜೆಕ್ಷನ್ ಯಾಕೆ ಕೊಡ್ತಾ ಇಲ್ಲ ಸಾರ್" ಎಂದು ಗಲಾಟೆ ಮಾಡುವುದು ಇಂಥ ಹೊತ್ತಿನಲ್ಲೇ. ಕೊಡದಿದ್ದದ್ದು ಸರಿ. ಪ್ರತಿವಿಷ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ. ಅದರಿಂದಲೇ ಪ್ರಾಣಕ್ಕೆ ಕುತ್ತು ತರುವ ಅಲರ್ಜಿ ಆಗಬಹುದು. ರಕ್ತ ಹೆಪ್ಪುಗಟ್ಟದಿರುವುದು, ರಕ್ತಸ್ರಾವ, ನರದ ಲಕ್ಷಣ, ರಕ್ತದೊತ್ತಡ ಕುಸಿತ, ಮೂತ್ರಪಿಂಡಕ್ಕೆ ಪೆಟ್ಟು, ಕಚ್ಚಿದ ಕೈಕಾಲಿನ ಅರ್ಧಕ್ಕಿಂತ ಮೇಲೆ ಬಾವು, ಬೆರಳಿನ ಕಡಿತವಾದರೆ ತೀವ್ರ ಬಾವು: ಇವುಗಳಲ್ಲಿ ಒಂದಾದರೂ ಕಂಡಾಗ ಕೊಡುವುದು ಕ್ರಮ. ಈ ಹೆಂಗಸಿನ ಬಾವಿನ ಅಂಚನ್ನು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದು, ಗಂಟೆಗೊಮ್ಮೆ ನೋಡುತ್ತಿದ್ದರು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ರಕ್ತಸ್ರಾವಕ್ಕೂ ಮೂತ್ರಪಿಂಡಕ್ಕೂ ಕೆಟ್ಟವು.

ಒಂದು ಎಡವಟ್ಟು ಮಾತ್ರ ಕಣ್ಣಿಗೆ ಬೀಳದೆ ಹೋಯಿತು. ಅಳಿಯ ಹೇಳಿದ್ದನ್ನೇ ದಾಖಲಾತಿ ಚೀಟಿಯಲ್ಲಿ "ಕೊಳಕುಮಂಡಲ ಕಡಿತ" ಎಂದು ಬರೆದರು. ಫೋಟೋ ಇದೆ ಎಂದು ಅವನೂ ಹೇಳಲಿಲ್ಲ, ಕೇಳುವವರೂ ಕೇಳಲಿಲ್ಲ.

ರಾತ್ರಿ ಒಂದೂಕಾಲು

ಹೆಪ್ಪು ಪರೀಕ್ಷೆಯ ವೇಳಾಪಟ್ಟಿಯ ಪ್ರಕಾರ ಮುಂದಿನದು ಬೆಳಗಿನ ಜಾವ 4.30ಕ್ಕೆ. 1.15ಕ್ಕೆ ಸುತ್ತು ಬಂದ ನರ್ಸ್ ಸೂಜಿದಾರಿಯ ಪಟ್ಟಿ ರಕ್ತದಲ್ಲಿ ನೆನೆದಿದ್ದನ್ನು ಕಂಡರು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಒಸಡಿನ ಅಂಚಿನಲ್ಲಿ ಕೆಂಪು. ವೇಳಾಪಟ್ಟಿ ಕಾಯದೆ ಪರೀಕ್ಷೆ ಮಾಡಿದರು. 20 ನಿಮಿಷದ ಮೇಲೆ ಬಾಗಿಸಿದಾಗ ರಕ್ತ ಹರಿಯಿತು.

ನಾಲ್ಕು ಸಲ ಸರಿ ಬಂದ ರಕ್ತ ಏಳೂವರೆ ಗಂಟೆಯ ಮೇಲೆ ಯಾಕೆ ಕೆಟ್ಟಿತು? ಗುಳಿಮಂಡಲದ ವಿಷದಲ್ಲಿ ಥ್ರಾಂಬಿನ್ ಕೆಲಸವನ್ನು ಅರ್ಧಂಬರ್ಧ ಮಾಡುವ ಕಿಣ್ವಗಳಿವೆ. ನಮ್ಮ ಥ್ರಾಂಬಿನ್ ರಕ್ತದಲ್ಲಿನ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಕತ್ತರಿಸಿ ಗಟ್ಟಿ ಬಲೆ ಹೆಣೆಯುತ್ತದೆ. ವಿಷದ ಕಿಣ್ವ ಕತ್ತರಿಸಿದಾಗ ಆಗುವ ಬಲೆ ದುರ್ಬಲ, ಮೈಯೇ ಅದನ್ನು ಕರಗಿಸಿಬಿಡುತ್ತದೆ. ಹೀಗೆ ಫೈಬ್ರಿನೋಜನ್ ಖರ್ಚಾಗುತ್ತಲೇ ಇರುತ್ತದೆ, ಯಕೃತ್ತು ಹೊಸದನ್ನು ಮಾಡುವ ವೇಗ ಸಾಲುವುದಿಲ್ಲ. ಆದರೆ ಗಾಜಿನ ನಳಿಕೆಯ ಪರೀಕ್ಷೆ ಒರಟು. ಫೈಬ್ರಿನೋಜನ್ ತುಂಬ ಕೆಳಗೆ ಇಳಿಯುವವರೆಗೂ ಹೆಪ್ಪು ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಹೆಪ್ಪು ಬಂತೆಂದರೆ ಆ ಗಳಿಗೆಗೆ ಪರವಾಗಿಲ್ಲ ಎಂದಷ್ಟೇ ಅರ್ಥ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಲ್ಯಾಬಿನಲ್ಲಿ ಅಳೆಯುವ ಪಿಟಿ, ಐಎನ್‌ಆರ್ ಮಾಡುವ ಅನುಕೂಲವಿದ್ದರೆ ಅದು ಬದಲಾವಣೆಯನ್ನು ಬೇಗ ಹಿಡಿಯುತ್ತದೆ. ಮಂಡಲ ಕಡಿತದ ಅನುಮಾನವಿರುವ ಯಾರನ್ನೂ 24 ಗಂಟೆಗೆ ಮೊದಲು ಮನೆಗೆ ಕಳಿಸಬಾರದು ಎನ್ನುವುದು ಇದಕ್ಕೇ.

ಕೊಳಕುಮಂಡಲದ ದಾರಿ ಬೇರೆ. ಅದರ ವಿಷ ಹೆಪ್ಪುಗಟ್ಟುವ ಸರಪಳಿಯ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಚುರುಕುಗೊಳಿಸಿ, ನಮ್ಮದೇ ಥ್ರಾಂಬಿನ್ ಎದ್ದು ಎಲ್ಲವನ್ನೂ ಖರ್ಚು ಮಾಡುವಂತೆ ಮಾಡುತ್ತದೆ. ಕೊನೆಗೆ ನಳಿಕೆಯಲ್ಲಿ ಕಾಣುವುದು ಎರಡರಲ್ಲೂ ಒಂದೇ, ಹರಿಯುವ ರಕ್ತ. ಪರೀಕ್ಷೆ ನೋಡಿ ಹಾವನ್ನು ಹೇಳಲಾಗದು.

ಆ ರಾತ್ರಿ ವೈದ್ಯರ ಮುಂದಿದ್ದದ್ದು ಕೊಳಕುಮಂಡಲ ಎಂದು ಬರೆದ ಚೀಟಿ, ಹರಿಯುವ ರಕ್ತ. ಪ್ರತಿವಿಷ ಶುರುಮಾಡಿದರು. ಹಾವು ಯಾವುದೆಂದು ಖಚಿತವಿಲ್ಲದಿದ್ದರೂ ಅದನ್ನೇ ಮಾಡಬೇಕು. ಕೊಳಕುಮಂಡಲ ಆಗಿದ್ದರೆ ಕಾಯುವ ಪ್ರತಿ ಗಂಟೆಯೂ ದುಬಾರಿ.

ಮೊದಲ ಪ್ರಮಾಣ 10 ಬಾಟಲಿ. ಈ ಅಂಕಿ ಸುಮ್ಮನೆ ಬಂದದ್ದಲ್ಲ. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂ. ವಿಷ ಬಿಡುತ್ತದೆ. ಒಂದು ಮಿ.ಲೀ. ಪ್ರತಿವಿಷ ಅದರ 0.6 ಮಿ.ಗ್ರಾಂ. ವಿಷವನ್ನು ತಟಸ್ಥಗೊಳಿಸುತ್ತದೆ, 10 ಮಿ.ಲೀ.ಯ ಹತ್ತು ಬಾಟಲಿಗೆ 60 ಮಿ.ಗ್ರಾಂ. ಮಕ್ಕಳಿಗೂ ಇದೇ ಪ್ರಮಾಣ, ಯಾಕೆಂದರೆ ಹಾವು ತೂಕ ನೋಡಿ ಕಚ್ಚುವುದಿಲ್ಲ. ಪುಡಿ ರೂಪದ ಪ್ರತಿ ಬಾಟಲಿಗೆ 10 ಮಿ.ಲೀ. ಶುದ್ಧ ನೀರು ಹಾಕಿ ಅಂಗೈಗಳ ನಡುವೆ ಮೆಲ್ಲಗೆ ತಿರುಗಿಸಬೇಕು. ಜೋರಾಗಿ ಕುಲುಕಿದರೆ ನೊರೆಯೆದ್ದು ಔಷಧ ಕೆಡುತ್ತದೆ. ಹತ್ತು ಬಾಟಲಿ ಕರಗಿಸಲು ಒಬ್ಬರೇ ಕೂತರೆ ಬಹಳ ಹೊತ್ತು ಹಿಡಿಯುತ್ತದೆ, ಇಬ್ಬರು ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆಗೆ ಪುಡಿ ರೂಪವೇ ಸರಿ. ದ್ರವ ರೂಪದ್ದು 2ರಿಂದ 8 ಡಿಗ್ರಿಯಲ್ಲೇ ಇರಬೇಕು.

2 ಗಂಟೆಗೆ ಸಲೈನಿನಲ್ಲಿ ಬೆರೆಸಿ ಹನಿ ಶುರು. 2.20ಕ್ಕೆ ಮೈತುಂಬ ದದ್ದು, ವಾಂತಿ, ಎದೆಯಲ್ಲಿ ಸುಂಯ್ ಶಬ್ದ, ರಕ್ತದೊತ್ತಡ 84/50. ಹನಿ ನಿಲ್ಲಿಸಿ, ತೊಡೆಯ ಹೊರಭಾಗದ ಸ್ನಾಯುವಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಕೊಟ್ಟರು, ಅಂದರೆ 1:1000 ದ್ರಾವಣದ ಅರ್ಧ ಮಿ.ಲೀ. ಆಮ್ಲಜನಕ, ಸಲೈನ್. ಹೈಡ್ರೊಕಾರ್ಟಿಸೋನ್, ಕ್ಲೋರ್‌ಫೆನಿರಮಿನ್ ಆಮೇಲೆ ಬರಬೇಕಾದವು. ಅವು ಅಡ್ರಿನಲಿನ್ ಜಾಗ ತುಂಬುವುದಿಲ್ಲ, ತಡವಾಗಿ ಕೆಲಸ ಮಾಡುತ್ತವೆ. ಹತ್ತು ನಿಮಿಷದಲ್ಲಿ ಒತ್ತಡ ಏರಿತು, ಎರಡನೆಯ ಅಡ್ರಿನಲಿನ್ ಬೇಕಾಗಲಿಲ್ಲ. 3.05ಕ್ಕೆ ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ವೇಗದಲ್ಲಿ ಹನಿ ಮುಂದುವರಿಸಿ 4.15ಕ್ಕೆ ಮುಗಿಸಿದರು. ಚರ್ಮಕ್ಕೆ ಚುಚ್ಚಿ ಅಲರ್ಜಿ ಪರೀಕ್ಷೆ ಮಾಡುವ ಹಳೆಯ ರೂಢಿಯಿಂದ ಇಂಥದ್ದನ್ನು ಮುಂಚೆ ತಿಳಿಯಲಾಗದು. ಚರ್ಮದಡಿಗೆ 0.25 ಮಿ.ಗ್ರಾಂ. ಅಡ್ರಿನಲಿನ್ ಮೊದಲೇ ಕೊಟ್ಟರೆ ತೀವ್ರ ಪ್ರತಿಕ್ರಿಯೆ ಕಡಿಮೆಯಾಗುತ್ತದೆ ಎಂದು ಶ್ರೀಲಂಕಾದ ಪ್ರಯೋಗವೊಂದು 2011ರಲ್ಲಿ ತೋರಿಸಿತ್ತು. ಇಲ್ಲಿ ಅದನ್ನು ಕೊಟ್ಟಿರಲಿಲ್ಲ.

ಎರಡನೆಯ ಹತ್ತು ಬಾಟಲಿ

ಪ್ರತಿವಿಷ ವಿಷವನ್ನು ಕಟ್ಟಿಹಾಕುತ್ತದೆಯೇ ಹೊರತು ಕಳೆದುಹೋದ ಫೈಬ್ರಿನೋಜನ್ ತಂದುಕೊಡುವುದಿಲ್ಲ. ಅದನ್ನು ಯಕೃತ್ತು ಮಾಡಬೇಕು, ಅದಕ್ಕೆ ಸುಮಾರು ಆರು ಗಂಟೆ ಬೇಕು. ಆದ್ದರಿಂದ ಮರುಪರೀಕ್ಷೆ ಆರು ಗಂಟೆಯ ಮೇಲೆ. ಬೆಳಿಗ್ಗೆ 10.15ಕ್ಕೆ ರಕ್ತ ಹಾಗೇ ಹರಿಯಿತು. ಇನ್ನೂ 10 ಬಾಟಲಿ ಕೊಟ್ಟರು. ಸಂಜೆ 5.45ಕ್ಕೆ, ಕಚ್ಚಿ ಸರಿಯಾಗಿ 24 ಗಂಟೆಗೆ, ಮತ್ತೆ ಹರಿಯಿತು. ಕೊನೆಯ ನಾಲ್ಕು ಗಂಟೆಯಲ್ಲಿ ಮೂತ್ರ ಗಂಟೆಗೆ 15 ಮಿ.ಲೀ. ಮಾತ್ರ, 52 ಕೆ.ಜಿ. ತೂಕಕ್ಕೆ ಕನಿಷ್ಠ 26 ಬರಬೇಕು. ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.8ರಿಂದ 1.9ಕ್ಕೆ ಏರಿತ್ತು.

ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡನೆಯ ಕಂತು ಕೊಟ್ಟದ್ದು ತಪ್ಪಲ್ಲ. ಕೊಟ್ಟು ಅಲ್ಲೇ ಸಂಜೆವರೆಗೆ ಕಾದದ್ದು ತಪ್ಪು. ಹತ್ತು ಬಾಟಲಿಗೆ ರಕ್ತ ಬಗ್ಗದಿದ್ದ 10.15ಕ್ಕೇ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು: ಡಯಾಲಿಸಿಸ್, ರಕ್ತನಿಧಿ ಇರುವ ಕಡೆಗೆ ಸಾಗಿಸಲು ಆಂಬುಲೆನ್ಸ್, ಮತ್ತು "ಹಾವು ನಿಜವಾಗಿ ಯಾವುದು" ಎಂಬ ಪ್ರಶ್ನೆ. ಮೂರನೆಯ ಕಂತಿಗೆ ಬಾಟಲಿ ತೆಗೆಯುವಾಗ ಪಾಳಿ ಬದಲಾಗಿ ಬಂದ ವೈದ್ಯರು ಆ ಪ್ರಶ್ನೆ ಕೇಳಿದರು. ಅಳಿಯ ಫೋನ್ ತೆಗೆದ.

ಫೋಟೋ ದೊಡ್ಡದು ಮಾಡಿ ತಲೆಯನ್ನು ನೋಡಿದರೆ ವಿಷಯ ತಿಳಿಯಿತು. ಮೂಗಿನ ತುದಿ ಮೇಲಕ್ಕೆ ಎದ್ದಿದೆ. ಕಣ್ಣು, ಮೂಗಿನ ಹೊಳ್ಳೆಗಳ ನಡುವೆ ಇನ್ನೊಂದು ಗುಳಿ. ಬಿಸಿರಕ್ತದ ಬೇಟೆಯ ಶಾಖ ಗ್ರಹಿಸುವ ಅಂಗ ಅದು, ಕೊಳಕುಮಂಡಲಕ್ಕೆ ಇರುವುದಿಲ್ಲ. ನೆತ್ತಿಯ ಮೇಲೆ ದೊಡ್ಡ ಫಲಕಗಳು, ಮೂಗಿನ ಮೇಲೆ ಮಾತ್ರ ಸಣ್ಣ ಹುರುಪೆ. ಕೊಳಕುಮಂಡಲದ ತಲೆಯ ತುಂಬ ಸಣ್ಣ ಒರಟು ಹುರುಪೆಗಳೇ ಇರುತ್ತವೆ, ಮೈಮೇಲೆ ಮೂರು ಸಾಲು ಅಂಡಾಕಾರದ ಕಪ್ಪಂಚಿನ ಮಚ್ಚೆಗಳು. ಗುಳಿಮಂಡಲದ ಬೆನ್ನಿನ ಎರಡೂ ಮಗ್ಗುಲಲ್ಲಿ ಕಪ್ಪು ಮಚ್ಚೆಗಳ ಸಾಲು, ನೆಲದ ಎಲೆಯ ಬಣ್ಣ, ಉದ್ದ 30ರಿಂದ 45 ಸೆಂ.ಮೀ. ಕೊಳಕುಮಂಡಲದ ಮರಿ ಹುಟ್ಟುವಾಗಲೇ 20 ಸೆಂ.ಮೀ. ಮೀರಿರುವುದರಿಂದ ಉದ್ದ ನೋಡಿ ಬೇರ್ಪಡಿಸಲಾಗದು, ತಲೆಯನ್ನೇ ನೋಡಬೇಕು. ಗುಳಿಮಂಡಲವನ್ನೇ ಗರಗಸಮಂಡಲ ಎನ್ನುವವರೂ ಇದ್ದಾರೆ. ಗರಗಸಮಂಡಲ ಒಣನೆಲದ ಹಾವು, ದಟ್ಟ ಮಳೆಯ ತೋಟದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಪ್ರತಿವಿಷವನ್ನು ಅಲ್ಲಿಗೇ ನಿಲ್ಲಿಸಿದರು. ಕುದುರೆಗೆ ಯಾವ ಹಾವಿನ ವಿಷ ಚುಚ್ಚುತ್ತಾರೋ ಅದರ ಪ್ರೋಟೀನುಗಳ ಆಕಾರಕ್ಕೆ ಅಂಟುವ ಪ್ರತಿಕಾಯಗಳೇ ಹುಟ್ಟುವುದು. ಗುಳಿಮಂಡಲಗಳು ಕೊಳಕುಮಂಡಲದಿಂದ ಬಹಳ ಹಿಂದೆಯೇ ಕವಲೊಡೆದ ಉಪಕುಟುಂಬ. ಕಿಣ್ವಗಳ ಮೇಲ್ಮೈ ಬೇರೆ. ನಮ್ಮ ಪ್ರತಿವಿಷ ಅವಕ್ಕೆ ಬೇಕಾದಷ್ಟು ಅಂಟುವುದಿಲ್ಲ, ಎಷ್ಟು ಬಾಟಲಿ ಹೆಚ್ಚಿಸಿದರೂ ಅಷ್ಟೇ. ಉಳಿಯುವುದು ಕುದುರೆ ಪ್ರೋಟೀನಿನ ಅಪಾಯ ಮಾತ್ರ. ಈ ಹಾವು ಭಾರತದಲ್ಲಿ ಪ್ರಾಣಾಪಾಯದ ಕಡಿತ ಮಾಡಬಲ್ಲದೆಂದು ಹಾವಿನ ಗುರುತಿನ ಸಮೇತ ಮೊದಲು ದಾಖಲಾದದ್ದು ಕೇರಳದಿಂದ, 2007ರಲ್ಲಿ. ಅದಕ್ಕೂ ಮೊದಲು ಇದನ್ನು ಹೆಚ್ಚು ಅಪಾಯವಿಲ್ಲದ ಹಾವೆಂದೇ ಎಣಿಸುತ್ತಿದ್ದರು. ಅದೇ ತೋಟ, ಹಳ್ಳದ ಬದಿಗಳಲ್ಲಿ ಹಸಿರು, ಕಂದು, ಹಳದಿ ಬಣ್ಣಗಳಲ್ಲಿ ಸಿಗುವ ಮಲಬಾರ್ ಗುಳಿಮಂಡಲಕ್ಕೂ, ಆಗುಂಬೆಯ ಹೆಸರಿನೊಂದಿಗೇ ನೆನಪಾಗುವ ಕಾಳಿಂಗಕ್ಕೂ ಈ ಪ್ರತಿವಿಷ ತಯಾರಾದದ್ದಲ್ಲ. ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಹೆಸರಿಟ್ಟಿದ್ದೇ 2024ರಲ್ಲಿ. ನಮ್ಮ ಕಾಡಿನ ಹಾವುಗಳಿಗೆ ನಮ್ಮದೇ ಪ್ರತಿವಿಷ ಬೇಕೆಂಬ ಬೇಡಿಕೆ ಇನ್ನೂ ಜೋರಾಗಿ ಕೇಳಿಬರಬೇಕು.

ಶಿವಮೊಗ್ಗದಲ್ಲಿ

ರಾತ್ರಿ 8ಕ್ಕೆ, ಸುಮಾರು 60 ಕಿ.ಮೀ. ದಾಟಿ, ಶಿವಮೊಗ್ಗದ ದೊಡ್ಡಾಸ್ಪತ್ರೆ. ಐಎನ್‌ಆರ್ 4.8 (ಸರಿಯಾದದ್ದು 1ರ ಆಸುಪಾಸು), ಫೈಬ್ರಿನೋಜನ್ 60 ಮಿ.ಗ್ರಾಂ.ಗಿಂತ ಕೆಳಗೆ (ಇರಬೇಕಾದ್ದು 200ರಿಂದ 400), ಪ್ಲೇಟ್‌ಲೆಟ್ 46,000, ಕ್ರಿಯಾಟಿನಿನ್ 2.3. ಸೂಕ್ಷ್ಮದರ್ಶಕದಲ್ಲಿ ತುಂಡಾದ ಕೆಂಪು ರಕ್ತಕಣಗಳು. ಈ ಕೊನೆಯದು ಮುಖ್ಯ ಸುಳಿವು. ಸಣ್ಣ ರಕ್ತನಾಳಗಳ ಒಳಗೆ ಎಳೆ ಎಳೆಯಾಗಿ ಹೆಪ್ಪು ಕೂತಿದೆ, ಅದರ ನಡುವೆ ನುಗ್ಗುವ ಕಣಗಳು ಕತ್ತರಿಸಿಹೋಗುತ್ತಿವೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಖರ್ಚಾಗುತ್ತಿವೆ, ಮೂತ್ರಪಿಂಡದ ಜಾಲರಿಗಳು ಮುಚ್ಚುತ್ತಿವೆ. ಹೊರಗೆ ರಕ್ತ ನಿಲ್ಲದು, ಒಳಗೆ ರಕ್ತ ಹರಿಯದು. ಎರಡೂ ಒಂದೇ ಹೊತ್ತಿನಲ್ಲಿ.

ನಿರ್ದಿಷ್ಟ ಔಷಧ ಇಲ್ಲದಿರುವಾಗ ಚಿಕಿತ್ಸೆ ಎಂದರೆ ವಿಷದ ಪರಿಣಾಮ ಮುಗಿಯುವವರೆಗೆ ರೋಗಿಯನ್ನು ದಾಟಿಸುವುದು. ಒಸಡಿನ ರಕ್ತ ನಿಂತಿರಲಿಲ್ಲವಾದ್ದರಿಂದ ಕೆ.ಜಿ.ಗೆ 12 ಮಿ.ಲೀ. ಲೆಕ್ಕದಲ್ಲಿ ಮೂರು ಯೂನಿಟ್ ಪ್ಲಾಸ್ಮಾ ಕೊಟ್ಟರು. ವಿಷ ಇನ್ನೂ ಚುರುಕಾಗಿದ್ದರೆ ಕೊಟ್ಟ ಫೈಬ್ರಿನೋಜನ್ನೂ ಖರ್ಚಾಗಿಹೋಗುತ್ತದೆ, ಆದ್ದರಿಂದ ರಕ್ತಸ್ರಾವ ಇಲ್ಲದವರಿಗೆ ಅಂಕಿ ಸರಿಮಾಡಲೆಂದು ಕೊಡುವುದಲ್ಲ. ಇಲ್ಲಿ ಆರು ಗಂಟೆಯಲ್ಲಿ ಐಎನ್‌ಆರ್ 1.6ಕ್ಕೆ ಇಳಿಯಿತು, ಒಸಡು ನಿಂತಿತು. ಅಲ್ಲಿಯವರೆಗೆ, ಜೀವ ಉಳಿಸಲು ಕೊಟ್ಟ ಅಡ್ರಿನಲಿನ್ ಬಿಟ್ಟರೆ, ಸ್ನಾಯುವಿಗೆ ಯಾವ ಇಂಜೆಕ್ಷನ್ನೂ ಇಲ್ಲ. ಧನುರ್ವಾಯುವಿನ ಚುಚ್ಚುಮದ್ದನ್ನೂ ತಡೆದಿಟ್ಟಿದ್ದರು.

ಮೂರನೆಯ ದಿನ 24 ಗಂಟೆಯ ಮೂತ್ರ 180 ಮಿ.ಲೀ., ಪೊಟ್ಯಾಸಿಯಂ 6.2, ಕ್ರಿಯಾಟಿನಿನ್ 5.6. ಡಯಾಲಿಸಿಸ್ ಶುರು. ಕುತ್ತಿಗೆಯ ಅಭಿಧಮನಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ನಳಿಕೆ ಹಾಕಿದರು. ಕೊರಳೆಲುಬಿನ ಕೆಳಗಿನ ನಾಳ ಬೇಡ, ಅಲ್ಲಿ ರಕ್ತ ಬಂದರೆ ಒತ್ತಿಹಿಡಿಯಲು ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಲ್ಲದೆ ಯಂತ್ರ ನಡೆಸಿ, ನಡುನಡುವೆ ಸಲೈನ್ ಹಾಯಿಸಿ ಸಂಭಾಳಿಸಿದರು. ಒಟ್ಟು ಆರು ಸಲ ಡಯಾಲಿಸಿಸ್. ಒಂಬತ್ತನೆಯ ದಿನ ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿತು, ಹನ್ನೆರಡನೆಯ ದಿನದಿಂದ ಮೂತ್ರ ಹೆಚ್ಚಾಯಿತು.

ಬೆರಳಿನ ಕಥೆ ಪಕ್ಕದಲ್ಲೇ ನಡೆಯುತ್ತಿತ್ತು. ಎರಡನೆಯ ದಿನ ರಕ್ತ ತುಂಬಿದ ಗುಳ್ಳೆ, ಆರನೆಯ ದಿನ ಕಚ್ಚಿದ ಜಾಗದ ಚರ್ಮ ಕಪ್ಪು. ಕೈ ಬಿಗಿದಿದೆ, ಸೀಳಿ ಒತ್ತಡ ಬಿಡಿಸೋಣ ಎಂಬ ಮಾತು ಮೊದಲ ರಾತ್ರಿಯೇ ಬಂದಿತ್ತು. ರಕ್ತ ಹೆಪ್ಪುಗಟ್ಟದಿರುವಾಗ ಕೈ ಸೀಳಿದರೆ ರೋಗಿ ಆ ಗಾಯದಿಂದಲೇ ಹೋಗಬಹುದು. ಒಳಗಿನ ಒತ್ತಡ ಅಳೆದು 40 ಮಿ.ಮೀ. ಮೀರಿದ್ದರೆ, ಅದೂ ಹೆಪ್ಪು ಸರಿಯಾದ ಮೇಲೆ ಮಾತ್ರ. ಇಲ್ಲಿ ಬೇಕಾಗಲಿಲ್ಲ, ಕೈ ಎತ್ತರದಲ್ಲಿಟ್ಟದ್ದೇ ಸಾಕಾಯಿತು. ಐಎನ್‌ಆರ್ ಸರಿಹೋದ ಮೇಲೆ ಸತ್ತ ಚರ್ಮ ತೆಗೆದು ಕಟ್ಟಿದರು.

ಮನೆಗೆ ಕಳಿಸುವಾಗ

ಹತ್ತೊಂಬತ್ತನೆಯ ದಿನ ಬಿಡುಗಡೆ. ಪ್ರತಿವಿಷ ಪಡೆದ ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ದದ್ದು ಬರಬಹುದು. ಅದು ಕುದುರೆ ಪ್ರೋಟೀನಿಗೆ ಮೈಯ ತಡವಾದ ಪ್ರತಿಕ್ರಿಯೆ, ವಿಷ ಮರುಕಳಿಸಿದ್ದಲ್ಲ. ಇವರಿಗೆ ಆ ಅವಧಿ ಆಸ್ಪತ್ರೆಯಲ್ಲೇ ಕಳೆದಿತ್ತು. ಬೇಗ ಮನೆಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಅವರು ನಾಟಿ ಮದ್ದಿನ ಕಡೆಗೆ ಓಡುತ್ತಾರೆ. ಆರು ವಾರಕ್ಕೆ ಕ್ರಿಯಾಟಿನಿನ್ 1.3. ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ನೋಡಬೇಕು, ಜೊತೆಗೆ ಮೂತ್ರದಲ್ಲಿ ಪ್ರೋಟೀನ್, ರಕ್ತದೊತ್ತಡ. ಹೀಗೆ ಪೆಟ್ಟುತಿಂದ ಮೂತ್ರಪಿಂಡ ವರ್ಷಗಳ ಮೇಲೆ ಸೋಲುವುದುಂಟು. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗಬಾರದು. ತೋರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿಟ್ಟು ದಿನಕ್ಕೆ ಮೂರು ಸಲ ಮಡಚಿ ಬಿಡಿಸುವ ವ್ಯಾಯಾಮ ಹೇಳಿದರು. ಅಡಿಕೆ ಸುಲಿಯುವ ಕೆಲಸಕ್ಕೆ ಕೂರಲು ಆ ಬೆರಳು ಬೇಕೇ ಬೇಕು.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ವರದಿಯಲ್ಲಿ "ಹಾವು ಕಡಿತ" ಎಂದಷ್ಟೇ ಬರೆದರೆ ಗುಳಿಮಂಡಲ ಎಂದೂ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ಪ್ರತಿವಿಷ ಮಾಡುವವರೂ ಹುಟ್ಟುವುದಿಲ್ಲ. ಸಾಗಿಸುವ ಚೀಟಿಯಲ್ಲಿ ಇಷ್ಟಾದರೂ ಇರಲಿ: ಕಚ್ಚಿದ ಸಮಯ, ಕಟ್ಟು ಕಟ್ಟಿದ್ದರೆ ಬಿಚ್ಚಿದ ಸಮಯ, ಪ್ರತಿ ಹೆಪ್ಪು ಪರೀಕ್ಷೆಯ ಸಮಯ, ಫಲಿತಾಂಶ, ಪ್ರತಿವಿಷದ ಬಾಟಲಿಗಳ ಸಂಖ್ಯೆ, ಬ್ಯಾಚ್ ಸಂಖ್ಯೆ, ಅಡ್ರಿನಲಿನ್ ಕೊಟ್ಟದ್ದು, ಗಂಟೆವಾರು ಮೂತ್ರ. ಹಾವಿನ ಹೆಸರಿನ ಮುಂದೆ ಅದನ್ನು ಹೇಳಿದವರು ಯಾರು, ಫೋಟೋ ಇದೆಯೇ ಎಂಬುದು. ಫೋಟೋ ತೆಗೆಯುವುದಾದರೆ ಹಾವಿನ ಉದ್ದದ ಎರಡು ಪಟ್ಟಾದರೂ ದೂರ ನಿಂತು, ಫೋನಿನ ಜೂಮ್ ಬಳಸಿ, ತಲೆಯದು ಒಂದು ಮೇಲಿನಿಂದ, ಒಂದು ಪಕ್ಕದಿಂದ. ಹಾವು ಎಲೆಯೊಳಗೆ ಸರಿದರೆ ಕೆದಕಿ ಹುಡುಕುವುದು ಬೇಡ, ಜೀಪು ಹತ್ತಿ.